ಗುಂಪು ಸಂದರ್ಶನ: ಹತ್ತು ಜನರ ನಡುವೆ ಕೂತು ಕೆಲಸ ಗಿಟ್ಟಿಸುವುದು ಹೇಗೆ

ಬರವಣಿಗೆಯ ಪರೀಕ್ಷೆ ಪಾಸು, ಒಬ್ಬೊಬ್ಬರನ್ನೇ ಕೂರಿಸಿ ಕೇಳಿದರೆ ಉತ್ತರವೂ ಸರಿ, ಗ್ರೂಪ್ ರೌಂಡ್ ಬಂತೆಂದರೆ ಮಾತ್ರ ಹೊರಗೆ. ಕಾರವಾರ, ಕುಮಟಾ, ಶಿರಸಿ ಕಡೆಯಿಂದ ಹುಬ್ಬಳ್ಳಿಗೋ ಮಂಗಳೂರಿಗೋ ಗೋವಾಕ್ಕೋ ಸಂದರ್ಶನಕ್ಕೆ ಹೋಗಿ ಬರುವವರ ದೂರು ಬಹುಪಾಲು ಇದೇ. ಸೋಲುವ ಬಗೆ ಎರಡು. ಕೆಲವರು ಕೊನೆಯವರೆಗೂ ಬಾಯಿ ಬಿಡದೆ ಕೂತು ಬರುತ್ತಾರೆ. ಇನ್ನು ಕೆಲವರು ‘ಮಾತಾಡಿದವರಿಗೇ ಕೆಲಸ’ ಎಂದು ಯಾರೋ ಹೇಳಿಕೊಟ್ಟಿದ್ದನ್ನು ನಂಬಿ ಎಲ್ಲರ ಮೇಲೆ ಏರಿಹೋಗುತ್ತಾರೆ. ಈ ಎರಡನೆಯವರಿಗೆ ತಾವು ಯಾಕೆ ಸೋತೆವೆಂಬುದೇ ತಿಳಿಯುವುದಿಲ್ಲ.

ಲೆಕ್ಕ ಹಾಕಿ ನೋಡಿ. ಹತ್ತು ಜನ, ಹದಿನೈದು ನಿಮಿಷ: ಒಬ್ಬರ ಪಾಲಿಗೆ ಬರುವುದು 90 ಸೆಕೆಂಡು. ನೀವು ನಾಲ್ಕು ನಿಮಿಷ ಮಾತಾಡಿದರೆ ಉಳಿದವರ ಪಾಲು ಕಸಿದಿರಿ ಎಂದೇ ಎದುರು ಕೂತ ಪರೀಕ್ಷಕರು ಬರೆದುಕೊಳ್ಳುತ್ತಾರೆ. ಅವರು ನೋಡುವುದು ಆ 90 ಸೆಕೆಂಡಿನಲ್ಲಿ ಗುಂಪಿನ ಕೆಲಸವನ್ನು ನೀವು ಎಷ್ಟು ಮುಂದೆ ಒಯ್ದಿರಿ ಎಂಬುದನ್ನು. ಕೆಳಗಿನ ಹಂತಗಳೆಲ್ಲ ಅದಕ್ಕಾಗಿ.

ಹಂತ 1: ಯಾವ ಬಗೆಯ ಗುಂಪು ಸಂದರ್ಶನ ಎಂದು ಕೇಳಿ ತಿಳಿಯಿರಿ

‘ಗ್ರೂಪ್ ಇಂಟರ್‌ವ್ಯೂ’ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಸಂಗತಿ ನಡೆಯುತ್ತವೆ. ಮೊದಲನೆಯದು ಚರ್ಚೆ, ಅಂದರೆ ಗ್ರೂಪ್ ಡಿಸ್ಕಷನ್: ಸಾಮಾನ್ಯವಾಗಿ 8ರಿಂದ 12 ಜನರಿಗೆ ಒಂದು ವಿಷಯ ಕೊಟ್ಟು ಹದಿನೈದಿಪ್ಪತ್ತು ನಿಮಿಷ ಮಾತಾಡಲು ಬಿಡುತ್ತಾರೆ. ಎರಡನೆಯದು ಗುಂಪು ಕೆಲಸ: ಒಂದು ಸಮಸ್ಯೆ, ಒಂದು ಹಾಳೆ, ಹತ್ತು ನಿಮಿಷ, ಎಲ್ಲರೂ ಸೇರಿ ಒಂದೇ ತೀರ್ಮಾನ ಕೊಡಬೇಕು. ಮೂರನೆಯದು ಸಾಲು ಸಂದರ್ಶನ: ನಾಲ್ಕೈದು ಜನರನ್ನು ಒಟ್ಟಿಗೆ ಕೂರಿಸಿ ಒಂದೇ ಪ್ರಶ್ನೆಯನ್ನು ಎಲ್ಲರಿಗೂ ಕೇಳುತ್ತಾ ಹೋಗುತ್ತಾರೆ. ಹೋಟೆಲ್, ರಿಸಾರ್ಟ್, ಶೋರೂಮ್, ಕಾಲ್‌ಸೆಂಟರ್ ಕೆಲಸಗಳಿಗೆ ಕೊನೆಯ ಎರಡೇ ಹೆಚ್ಚು. ಕ್ಯಾಂಪಸ್ ಡ್ರೈವ್‌ಗಳಲ್ಲಿ ಚರ್ಚೆ ಹೆಚ್ಚು. ಮೂರಕ್ಕೂ ತಯಾರಿ ಬೇರೆ.

ಕರೆ ಬಂದ ದಿನವೇ ತಿರುಗಿ ಫೋನ್ ಮಾಡಿ. ‘ಮೇಡಂ, ಗ್ರೂಪ್ ರೌಂಡಿನಲ್ಲಿ ಚರ್ಚೆ ಇರ್ತದೋ, ಟಾಸ್ಕ್ ಇರ್ತದೋ? ಯಾವ ಭಾಷೆಯಲ್ಲಿ? ಎಷ್ಟು ಹೊತ್ತು? ಅದರ ನಂತರ ಅದೇ ದಿನ ಬೇರೆ ರೌಂಡ್ ಇದೆಯೇ?’ ಇಷ್ಟು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಕೊನೆಯ ಪ್ರಶ್ನೆ ಮರೆಯಬೇಡಿ. ಸಂಜೆವರೆಗೂ ಮುಗಿಯದಿದ್ದರೆ ಶಿರಸಿಗೋ ಯಲ್ಲಾಪುರಕ್ಕೋ ಕೊನೆಯ ಬಸ್ಸು ತಪ್ಪಬಹುದು. ಬಸ್ಸಿನ ಚಿಂತೆ ಹೊತ್ತು ಕೂತವರ ಕಣ್ಣು ಮತ್ತೆ ಮತ್ತೆ ಗಡಿಯಾರಕ್ಕೆ ಹೋಗುತ್ತದೆ, ಎದುರಿನವರಿಗೆ ಅದು ಕಂಡೇ ಕಾಣುತ್ತದೆ.

ಹಂತ 2: ಚೀಲ ಕಟ್ಟಿಕೊಳ್ಳಿ

ರೆಸ್ಯೂಮೆಯ ನಾಲ್ಕು ಪ್ರತಿ, ಅಂಕಪಟ್ಟಿಗಳ ಎರಡು ಸೆಟ್ ಝೆರಾಕ್ಸ್, ಆಧಾರ್ ಮತ್ತು ಫೋಟೊ, ಬರೆಯುವ ಎರಡು ಪೆನ್ನು, ಅಂಗೈಯಗಲದ ನೋಟ್‌ಬುಕ್, ಕೈಗಡಿಯಾರ. ಗಡಿಯಾರ ಬೇಕೇ ಬೇಕು, ಯಾಕೆಂದರೆ ಮೊಬೈಲನ್ನು ಹೊರಗೇ ಇರಿಸಿಕೊಂಡು ಒಳಗೆ ಬಿಡುವವರು ಬಹಳ. ಗುಂಪಿನಲ್ಲಿ ಸಮಯ ಗೊತ್ತಿರುವವರ ಮಾತಿಗೆ ತೂಕವೂ ಜಾಸ್ತಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದಕ್ಕೆ ಇನ್ನಷ್ಟು ಸೇರಿಸಿ: ಕಾಗದಪತ್ರಕ್ಕೆ ಜಿಪ್ ಇರುವ ಪ್ಲಾಸ್ಟಿಕ್ ಕವರ್, ಇಸ್ತ್ರಿ ಮಾಡಿದ ಇನ್ನೊಂದು ಅಂಗಿ ಅಥವಾ ಚೂಡಿದಾರ, ಒಣ ಕಾಲುಚೀಲ, ಸಣ್ಣ ಟವೆಲ್. ಕರಾವಳಿಯ ಮಳೆಗೆ ಕೊಡೆ ಹಿಡಿದರೂ ಮೊಣಕಾಲಿನ ಕೆಳಗೆ ಒದ್ದೆಯೇ. ಆ ಒದ್ದೆಯಲ್ಲೇ ಎಸಿ ರೂಮಿನಲ್ಲಿ ಎರಡು ತಾಸು ಕೂತರೆ ಮೈ ನಡುಗುತ್ತದೆ. ಅದನ್ನು ಹೆದರಿಕೆ ಎಂದು ಓದುವವರಿದ್ದಾರೆ. ಉಡುಪಿನ ಬಗ್ಗೆ ಇಷ್ಟು ಸಾಕು: ಸ್ವಚ್ಛ, ತಿಳಿಬಣ್ಣ, ಕೂತಾಗ ಎಳೆದುಕೊಳ್ಳಬೇಕಾಗಿ ಬರದಂಥದ್ದು.

ಹಂತ 3: ಹತ್ತು ವಿಷಯ, ವಿಷಯಕ್ಕೆ ಒಂದೇ ಪುಟ

ಚರ್ಚೆಯ ವಿಷಯ ಏನು ಬರುತ್ತದೋ ಗೊತ್ತಿಲ್ಲ ಎಂದು ಕೈ ಚೆಲ್ಲುವವರು ಬಹಳ. ವಿಷಯಗಳು ಸುತ್ತಿ ಸುತ್ತಿ ಬರುವುದು ಕೆಲವೇ ಕ್ಷೇತ್ರಗಳಿಂದ: ಉದ್ಯೋಗ ಮತ್ತು ವಲಸೆ, ಮೊಬೈಲ್ ಮತ್ತು ಮಕ್ಕಳು, ಕೃತಕ ಬುದ್ಧಿಮತ್ತೆ, ಪ್ರವಾಸೋದ್ಯಮ ಮತ್ತು ಪರಿಸರ, ಮನೆಯಿಂದ ಕೆಲಸ, ಹೆಣ್ಣುಮಕ್ಕಳ ರಾತ್ರಿಪಾಳಿ, ನಗದು ಮತ್ತು ಯುಪಿಐ, ಆನ್‌ಲೈನ್ ಅಂಗಡಿ ಮತ್ತು ಊರ ಅಂಗಡಿ. ಇವುಗಳ ಜೊತೆಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಎರಡು ವಿಷಯ ಇಟ್ಟುಕೊಳ್ಳಿ. ಉದಾಹರಣೆಗೆ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ, ಜಿಲ್ಲೆಗೆ ದೊಡ್ಡ ಆಸ್ಪತ್ರೆಯ ಬೇಡಿಕೆ, ಬಂದರು ಮತ್ತು ಮೀನುಗಾರರು. ‘ನಿಮ್ಮ ಊರಿನ ಒಂದು ಸಮಸ್ಯೆ ಹೇಳಿ’ ಎಂದು ಕೇಳಿದಾಗ ತಡವರಿಸುವವರಷ್ಟು ನಗೆಪಾಟಲಾಗುವವರು ಬೇರೆ ಇಲ್ಲ.

ಪುಟದಲ್ಲಿ ನಾಲ್ಕೇ ಸಾಲು ಬರೆಯಿರಿ. ನಿಮಗೆ ಖಚಿತವಾಗಿ ಗೊತ್ತಿರುವ ಒಂದು ಸಂಗತಿ, ಇದರಿಂದ ಲಾಭ ಯಾರಿಗೆ, ಪೆಟ್ಟು ಯಾರಿಗೆ, ನಡುವೆ ಮಾಡಬಹುದಾದ ಒಂದು ಕೆಲಸ. ನಾಲ್ಕು ಸಾಲು ಮೀರಿ ಬರೆದರೆ ಬಾಯಿಪಾಠದ ಚಾಳಿ ಶುರುವಾಗುತ್ತದೆ.

ಮೀನುಗಾರಿಕೆ ನಿಷೇಧದ ಪುಟ ಹೀಗಿರಬಹುದು. ‘ಜೂನ್ 1ರಿಂದ ಜುಲೈ 31, ಒಟ್ಟು 61 ದಿನ, ಯಾಂತ್ರೀಕೃತ ದೋಣಿಗೆ, ನಾಡದೋಣಿಗೆ ಇಲ್ಲ. ಲಾಭ: ಮೊಟ್ಟೆಯಿಡುವ ಕಾಲದಲ್ಲಿ ಮೀನಿಗೆ, ಮುಂದೆ ಎಲ್ಲರಿಗೆ. ಪೆಟ್ಟು: ದೋಣಿಯಲ್ಲಿ ದುಡಿಯುವ ಖಲಾಸಿಗಳು, ಮೀನು ಮಾರುವ ಹೆಂಗಸರು, ಐಸ್ ಪ್ಲಾಂಟ್ ಕೂಲಿಗಳು. ದಾರಿ: ಆ ಎರಡು ತಿಂಗಳಿಗೆ ಪರಿಹಾರ, ಬಲೆ–ಎಂಜಿನ್ ರಿಪೇರಿ ಕೆಲಸ.’ ಇಷ್ಟು ಕೈಯಲ್ಲಿದ್ದರೆ ಕರಾವಳಿ, ಪರಿಸರ, ಉದ್ಯೋಗ, ಸರ್ಕಾರದ ನೆರವು ಎಂಬ ನಾಲ್ಕು ಬೇರೆ ವಿಷಯಗಳಲ್ಲೂ ಬಳಸಬಹುದು.

ಅಂಕಿ ಗೊತ್ತಿಲ್ಲದಿದ್ದರೆ ಹುಟ್ಟಿಸಬೇಡಿ. ‘ಶೇಕಡಾ 70 ಜನ’ ಎಂದು ಶುರು ಮಾಡಿದವರನ್ನು ‘ಎಲ್ಲಿ ಓದಿದಿರಿ?’ ಎಂದು ಕೇಳಿದರೆ ಅಲ್ಲಿಗೆ ಕತೆ ಮುಗಿಯಿತು.

ಹಂತ 4: ಐದಾರು ಜನ ಕೂಡಿ ಅಭ್ಯಾಸ

ಕನ್ನಡಿಯ ಮುಂದಿನ ಅಭ್ಯಾಸ ಇದಕ್ಕೆ ಆಗಿಬರುವುದಿಲ್ಲ. ಕನ್ನಡಿ ಅಡ್ಡಬಾಯಿ ಹಾಕುವುದಿಲ್ಲವಲ್ಲ. ಆರು ಜನ ಸೇರಿ: ಐವರು ಚರ್ಚೆಗೆ, ಒಬ್ಬರು ನೋಡುವುದಕ್ಕೆ. ಕಾಲೇಜಿನ ಖಾಲಿ ಕ್ಲಾಸ್ ರೂಮು, ಊರ ಯುವಕ ಸಂಘದ ಕೋಣೆ, ಮನೆಯ ಜಗಲಿ, ಎಲ್ಲಾದರೂ ಸರಿ. ಹನ್ನೆರಡು ನಿಮಿಷಕ್ಕೆ ಮೊಬೈಲಿನಲ್ಲಿ ಟೈಮರ್ ಇಡಿ, ಇನ್ನೊಂದು ಮೊಬೈಲಿನಲ್ಲಿ ಧ್ವನಿ ರೆಕಾರ್ಡ್ ಮಾಡಿ.

ನೋಡುವವರ ಕೈಯಲ್ಲಿ ಒಂದು ಹಾಳೆ ಇರಲಿ. ಪ್ರತಿ ಹೆಸರಿನ ಮುಂದೆ ನಾಲ್ಕು ಕಲಂ: ಎಷ್ಟು ಸಲ ಮಾತಾಡಿದರು, ಹೊಸ ಅಂಶ ಎಷ್ಟು ತಂದರು, ಇನ್ನೊಬ್ಬರ ಮಾತಿಗೆ ಎಷ್ಟು ಸಲ ಜೋಡಿಸಿದರು, ಎಷ್ಟು ಸಲ ಅಡ್ಡಬಾಯಿ ಹಾಕಿದರು. ಗೆರೆ ಎಳೆದು ಎಣಿಸಿದರೆ ಸಾಕು, ಅಭಿಪ್ರಾಯ ಬೇಡ. ಮೂರನೆಯ ಕಲಂ ಸೊನ್ನೆ ಇರುವವರು ಎಷ್ಟೇ ಚೆಂದ ಮಾತಾಡಿದರೂ ನಿಜವಾದ ರೌಂಡಿನಲ್ಲಿ ತೂಕ ಕಳೆದುಕೊಳ್ಳುತ್ತಾರೆ.

ಮುಗಿದ ಮೇಲೆ ರೆಕಾರ್ಡಿಂಗ್ ಕೇಳಿ. ‘ಆ್ಯಕ್ಚುಲಿ’, ‘ಬೇಸಿಕಲಿ’, ‘ಏನಂದ್ರೆ’ ಎಷ್ಟು ಸಲ ಬಂತು ಎಂದು ಎಣಿಸಿ. ನಿಮಿಷಕ್ಕೆ ಮೂರು ಮೀರಿದರೆ ಮುಂದಿನ ಸಲ ಅದರ ಜಾಗದಲ್ಲಿ ಸುಮ್ಮನೆ ಒಂದು ಉಸಿರು ತೆಗೆದುಕೊಳ್ಳಿ.

ಇಂಗ್ಲಿಷ್ ಬಗ್ಗೆ ಒಂದು ಮಾತು. ಕನ್ನಡ ಮಾಧ್ಯಮದಲ್ಲಿ ಓದಿದವರು ವ್ಯಾಕರಣಕ್ಕೆ ಹೆದರಿ ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ. ತಪ್ಪು ವಾಕ್ಯ ಮಾಡುವ ಹಾನಿಗಿಂತ ನಿಂತುಹೋದ ವಾಕ್ಯದ ಹಾನಿ ದೊಡ್ಡದು. ಆರೇಳು ಪದದ ಸಣ್ಣ ವಾಕ್ಯಗಳಲ್ಲೇ ಮಾತಾಡುವುದನ್ನು ರೂಢಿಸಿಕೊಳ್ಳಿ. ಒಳಗೆ ನುಗ್ಗಲು ನಾಲ್ಕು ವಾಕ್ಯ ನಾಲಗೆಯ ತುದಿಯಲ್ಲಿರಲಿ: ‘ಐ ವಾಂಟ್ ಟು ಆ್ಯಡ್ ವನ್ ಪಾಯಿಂಟ್’, ‘ಐ ಸೀ ಇಟ್ ಡಿಫರೆಂಟ್ಲಿ’, ‘ಕ್ಯಾನ್ ವಿ ಕಮ್ ಬ್ಯಾಕ್ ಟು ದ ಕ್ವೆಶ್ಚನ್’, ‘ವಿ ಹ್ಯಾವ್ ತ್ರೀ ಮಿನಿಟ್ಸ್ ಲೆಫ್ಟ್’. ಮೊದಲ ಐದು ಪದ ಸಲೀಸಾಗಿ ಹೊರಟರೆ ಉಳಿದದ್ದು ಹಿಂದೆಯೇ ಬರುತ್ತದೆ.

ಹಂತ 5: ಹೊರಡುವ ಹೊತ್ತು

ಶಿರಸಿಯಿಂದ ಹುಬ್ಬಳ್ಳಿ ನೂರು ಕಿಲೋಮೀಟರಿನ ಆಸುಪಾಸು. ಬಸ್ಸಿಗೆ ಮೂರು ತಾಸು ಹಿಡಿಯಿರಿ, ಅದರ ಮೇಲೆ ಒಂದು ತಾಸು ಕೈಯಲ್ಲಿಡಿ. ಕಾರವಾರದಿಂದ ರೈಲಿಗೆ ಹೋಗುವವರು ನಿಲ್ದಾಣ ಶಿರವಾಡದಲ್ಲಿದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ, ಬೆಳಗಿನ ಜಾವದ ಆಟೋವನ್ನು ಹಿಂದಿನ ರಾತ್ರಿಯೇ ಹೇಳಿಟ್ಟಿರಿ. ಕೊಂಕಣ ರೈಲ್ವೆಗೆ ಮಳೆಗಾಲದಲ್ಲಿ ಬೇರೆಯದೇ ವೇಳಾಪಟ್ಟಿ. ಬೇಸಿಗೆಯಲ್ಲಿ ನೋಡಿಟ್ಟ ಸಮಯವನ್ನು ನಂಬಿ ಹೊರಡಬೇಡಿ.

ಮಳೆ ಜೋರಿರುವಾಗ ಹಿಂದಿನ ದಿನವೇ ಹೋಗಿ ಉಳಿಯುವುದು ಒಳ್ಳೆಯದು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ 66ನೇ ರಾಷ್ಟ್ರೀಯ ಹೆದ್ದಾರಿ ದಿನಗಟ್ಟಲೆ ಬಂದಾಗಿತ್ತು. ಅರಬೈಲು, ದೇವಿಮನೆ ಘಟ್ಟಗಳಲ್ಲೂ ಮರ ಬಿದ್ದು ವಾಹನ ನಿಲ್ಲುವುದು ಹೊಸದಲ್ಲ. ರಸ್ತೆ ಬಂದಾಗಿ ಸಿಕ್ಕಿಕೊಂಡರೆ ಕೂಡಲೇ ಎಚ್‌ಆರ್‌ಗೆ ಫೋನ್ ಮಾಡಿ, ಎಲ್ಲಿ ಇದ್ದೀರಿ, ಎಷ್ಟು ಹೊತ್ತಾಗಬಹುದು ಎಂದು ಹೇಳಿ, ಮಧ್ಯಾಹ್ನದ ಬ್ಯಾಚಿಗೆ ಹಾಕಬಹುದೇ ಎಂದು ಕೇಳಿ. ಗುಂಪುಗಳು ಬ್ಯಾಚಿನಂತೆ ನಡೆಯುವುದರಿಂದ ಬೆಳಿಗ್ಗೆ ಎಂಟಕ್ಕೆ ಹೇಳಿದವರಿಗೆ ಬದಲಾವಣೆ ಸಿಗುವ ಸಾಧ್ಯತೆ ಇರುತ್ತದೆ. ಹನ್ನೊಂದಕ್ಕೆ ಹೇಳಿದವರಿಗೆ ಕಷ್ಟ.

ಹಂತ 6: ಕಾಯುವ ಕೋಣೆಯೇ ಮೊದಲ ಸುತ್ತು

ರಿಸೆಪ್ಶನ್ನಿನಲ್ಲಿ ಕೂತವರು, ಹಾಳೆ ಹಂಚುವವರು ಆಮೇಲೆ ಒಳಗೆ ಹೋಗಿ ನಾಲ್ಕು ಮಾತು ಹೇಳುವುದುಂಟು. ಅಲ್ಲಿ ಇಯರ್‌ಫೋನ್ ಹಾಕಿ ತಲೆತಗ್ಗಿಸಿ ಕೂರುವ ಬದಲು ಪಕ್ಕದ ಮೂರು ಜನರ ಹೆಸರು ಕೇಳಿ, ಊರು ಕೇಳಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಒಳಗೆ ಹೋದ ಮೇಲೆ ಇದರ ಬೆಲೆ ತಿಳಿಯುತ್ತದೆ: ‘ಅವರು ಹೇಳಿದ ಹಾಗೆ’ ಎಂಬುದಕ್ಕೂ ಹೆಸರು ಹಿಡಿದು ಹೇಳುವುದಕ್ಕೂ ಇರುವ ವ್ಯತ್ಯಾಸ ಬಹಳ.

ಊರಿನವರು ಸಿಕ್ಕರೆಂದು ಕೊಂಕಣಿಯಲ್ಲೋ ಹವಿಗನ್ನಡದಲ್ಲೋ ಮೂಲೆ ಹಿಡಿದು ಹರಟೆಗೆ ಕೂರಬೇಡಿ. ಒಳಗೂ ಅದೇ ಮುಂದುವರಿಯುತ್ತದೆ, ಉಳಿದವರು ಹೊರಗಿನವರಾಗುತ್ತಾರೆ. ಮನೆಯಲ್ಲಿ ‘ನೀನು’ ಎನ್ನುವ ಗೆಳೆಯನಾದರೂ ಮೇಜಿನ ಸುತ್ತ ಕೂತಾಗ ‘ನೀವು’. ‘ಮಾರಾಯ’, ‘ಅಣ್ಣಾ’, ‘ಅಕ್ಕಾ’ ಎಲ್ಲ ಬಾಗಿಲ ಹೊರಗೆ. ಸರ್, ಮೇಡಂ ಎನ್ನುವುದು ಪರೀಕ್ಷಕರಿಗೆ ಮಾತ್ರ, ನಿಮ್ಮಂತೆಯೇ ಕೆಲಸ ಹುಡುಕಿ ಬಂದವರಿಗಲ್ಲ.

ಹಂತ 7: ನಲವತ್ತು ಸೆಕೆಂಡಿನ ಪರಿಚಯ

ಹೆಸರು ಮತ್ತು ಊರು, ಓದು, ಮಾಡಿದ ಒಂದು ಕೆಲಸ (ಎಷ್ಟು ಮಾಡಿದಿರಿ ಎಂಬ ಅಳತೆಯ ಸಮೇತ), ಈ ಹುದ್ದೆಗೆ ಅದು ಹೇಗೆ ಹೊಂದುತ್ತದೆ. ಇದೇ ಕ್ರಮ. ‘ನಮ್ಮದು ಐದು ಜನರ ಕುಟುಂಬ, ತಂದೆ ಕೃಷಿಕರು, ನನ್ನ ಹವ್ಯಾಸ ಸಂಗೀತ ಕೇಳುವುದು’ ಎಂಬುದನ್ನು ಪೂರ್ತಿ ಬಿಡಿ. ಹತ್ತು ಜನರಲ್ಲಿ ಏಳು ಜನ ಅದನ್ನೇ ಹೇಳಿರುತ್ತಾರೆ.

ಅನುಭವ ಇಲ್ಲ ಎನ್ನುವವರು ಸರಿಯಾಗಿ ಹುಡುಕಿಲ್ಲ ಅಷ್ಟೇ. ‘ಎರಡು ಅಡಿಕೆ ಸೀಸನ್ನಿನಲ್ಲಿ ನಮ್ಮೂರ ಸೊಸೈಟಿಯ ತೂಕದ ಲೆಕ್ಕ ಬರೆದಿದ್ದೇನೆ, ಸಂಜೆ ಚೀಟಿಗೂ ದಾಸ್ತಾನಿಗೂ ತಾಳೆ ಹಾಕುವುದು ನನ್ನ ಜವಾಬ್ದಾರಿಯಾಗಿತ್ತು’ ಎಂಬುದು ಅಕೌಂಟ್ಸ್ ಹುದ್ದೆಗೆ ನೇರ ಅನುಭವ. ರಜೆಯಲ್ಲಿ ಗೋಕರ್ಣದ ಹೋಮ್‌ಸ್ಟೇಯಲ್ಲಿ ಬುಕಿಂಗ್ ನೋಡಿಕೊಂಡಿದ್ದು, ಯಕ್ಷಗಾನ ಮೇಳದ ಆಟಕ್ಕೆ ಟಿಕೆಟ್ ಮಾರಿದ್ದು, ಜಾತ್ರೆಯಲ್ಲಿ ಅಂಗಡಿ ಹಾಕಿದ್ದು, ಇವೆಲ್ಲ ಸೇಲ್ಸ್ ಕೆಲಸಕ್ಕೆ ಸಲ್ಲುತ್ತವೆ. ಮಾಡಿದ್ದನ್ನಷ್ಟೇ ಹೇಳಿ. ಮುಂದಿನ ಪ್ರಶ್ನೆ ಅಲ್ಲಿಂದಲೇ ಬರುತ್ತದೆ.

ಹಂತ 8: ಚರ್ಚೆಯ ಒಳಗೆ

ಮೊದಲ ನಿಮಿಷ: ವಿಷಯ ಹೇಳಿದ ಕೂಡಲೇ ಯೋಚಿಸಲು ಸಮಯ ಕೊಟ್ಟರೆ ಮೂರು ಪದ ಬರೆದುಕೊಳ್ಳಿ, ವಾಕ್ಯ ಬೇಡ. ಮೊದಲು ಮಾತಾಡಿದವರಿಗೆ ಹೆಚ್ಚು ಅಂಕ ಎಂಬ ನಂಬಿಕೆ ಎಲ್ಲ ಕಡೆ ಹಬ್ಬಿದೆ. ಅದು ಅರ್ಧ ಸತ್ಯ. ಚರ್ಚೆಗೆ ದಿಕ್ಕು ಕೊಡುವ ಮಾತು ನಿಮ್ಮಲ್ಲಿದ್ದರೆ ಮೊದಲು ಶುರು ಮಾಡಿ: ‘ಇದನ್ನು ಮೀನುಗಾರರ ಕಡೆಯಿಂದ, ಗಿರಾಕಿಯ ಕಡೆಯಿಂದ, ಸಮುದ್ರದ ಕಡೆಯಿಂದ ಹೀಗೆ ಮೂರು ಭಾಗವಾಗಿ ನೋಡೋಣವೇ?’ ಇಲ್ಲದಿದ್ದರೆ ಎರಡನೆಯವರಾಗಿಯೋ ಮೂರನೆಯವರಾಗಿಯೋ ಬನ್ನಿ. ವಿಷಯದ ಅರ್ಥ ವಿವರಿಸುತ್ತ ನಿಘಂಟು ಓದಿದಂತೆ ಶುರು ಮಾಡುವುದು, ಯಾರೋ ಮಹಾನುಭಾವರ ಮಾತು ಉದ್ಧರಿಸಿ ಶುರು ಮಾಡುವುದು ಎರಡೂ ಹಳಸಿಹೋಗಿವೆ.

ಎರಡು ನಿಮಿಷದೊಳಗೆ ಒಮ್ಮೆ ಬಾಯಿ ತೆರೆಯಲೇಬೇಕು. ಇದಕ್ಕೆ ಕಾರಣವಿದೆ. ಮೂರ್ನಾಲ್ಕು ಜನರ ನಡುವೆ ಮಾತು ಓಡಾಡಲು ಶುರುವಾದರೆ ಅವರೇ ಒಬ್ಬರನ್ನೊಬ್ಬರು ನೋಡಿ ಮಾತಾಡುತ್ತಾರೆ, ಸುಮ್ಮನಿದ್ದವರ ಕಡೆ ಕಣ್ಣೂ ಹಾಯುವುದಿಲ್ಲ. ಐದನೆಯ ನಿಮಿಷದಲ್ಲಿ ಒಳಗೆ ಹೋಗುವುದು ಎರಡನೆಯ ನಿಮಿಷಕ್ಕಿಂತ ಎಷ್ಟೋ ಪಟ್ಟು ಕಷ್ಟ.

ಒಳಗೆ ಹೋಗುವ ದಾರಿ: ಮಾತಾಡುವವರು ವಾಕ್ಯ ಮುಗಿಸಿ ಉಸಿರು ತೆಗೆಯುವ ಗಳಿಗೆ ಕಾಯಿರಿ. ತುಸು ಮುಂದೆ ಬಾಗಿ, ಕೈ ಮೇಜಿನಿಂದ ಒಂದು ಗೇಣು ಎತ್ತಿ, ಅವರ ಹೆಸರು ಹೇಳಿ, ಅವರ ಕೊನೆಯ ಅಂಶವನ್ನು ನಾಲ್ಕು ಪದದಲ್ಲಿ ಹಿಡಿದು, ನಿಮ್ಮದನ್ನು ಜೋಡಿಸಿ. ಇಬ್ಬರೂ ಒಟ್ಟಿಗೆ ಶುರು ಮಾಡಿದರೆ ಒಮ್ಮೆ ಬಿಟ್ಟುಕೊಡಿ, ಆದರೆ ಸರದಿ ಕಾದಿರಿಸಿಯೇ ಬಿಡಿ: ‘ನೀವು ಮುಗಿಸಿ, ಆಮೇಲೆ ನಾನು.’ ಇದನ್ನು ಎಲ್ಲರೂ ಕೇಳಿರುತ್ತಾರಾದ್ದರಿಂದ ಮುಂದಿನ ಸರದಿ ನಿಮ್ಮದೇ.

ಎರಡು ಮಾತನ್ನು ಪಕ್ಕಪಕ್ಕ ಇಟ್ಟು ನೋಡಿ. ವಿಷಯ: ಮೀನುಗಾರಿಕೆ ನಿಷೇಧವನ್ನು 90 ದಿನಕ್ಕೆ ಏರಿಸಬೇಕೇ?

ಒಂದನೆಯದು: ‘ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಮೀನುಗಾರಿಕೆ ನಮ್ಮ ಕರಾವಳಿಯ ಬೆನ್ನೆಲುಬು. ನಾವೆಲ್ಲರೂ ಅದನ್ನು ಉಳಿಸಬೇಕು. ಸರ್ಕಾರವೂ ಕ್ರಮ ಕೈಗೊಳ್ಳಬೇಕು.’

ಎರಡನೆಯದು: ‘ಸಂತತಿ ಉಳಿಯುತ್ತದೆ ಎಂದು ಈಗ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಈಗಿನ 61 ದಿನಕ್ಕೆ ಇನ್ನೊಂದು ತಿಂಗಳು ಸೇರಿದರೆ ದೋಣಿ ಮಾಲೀಕರಿಗಿಂತ ಮೊದಲು ಪೆಟ್ಟು ಬೀಳುವುದು ಖಲಾಸಿಗೆ. ಹಾಗಾಗಿ ಏರಿಸುವುದಾದರೆ ಆ ತಿಂಗಳ ಪರಿಹಾರ ಯಾರಿಗೆ, ಹೇಗೆ ಎಂಬುದನ್ನೂ ನಾವು ಈಗಲೇ ಸೇರಿಸಿಕೊಳ್ಳಬೇಕಲ್ಲವೇ?’

ಮೊದಲನೆಯದರಲ್ಲಿ ನಾಲ್ಕು ವಾಕ್ಯ ಇದೆ, ಚರ್ಚೆ ನಿಂತಲ್ಲೇ ನಿಂತಿದೆ. ಎರಡನೆಯದು ಒಪ್ಪಿಗೆ ಕೊಟ್ಟಿದೆ, ಒಂದು ಸಂಗತಿ ತಂದಿದೆ, ಮುಂದಿನವರಿಗೆ ಮಾತಾಡಲು ಒಂದು ಪ್ರಶ್ನೆ ಬಿಟ್ಟಿದೆ. ಇಪ್ಪತ್ತೈದು ಸೆಕೆಂಡಿನ ಕೆಲಸ. ಇಂಥ ಮಾತು ಇಡೀ ಚರ್ಚೆಯಲ್ಲಿ ಮೂರೋ ನಾಲ್ಕೋ ಸಲ ಬಂದರೆ ಸಾಕು.

ಎಲ್ಲರೂ ಒಟ್ಟಿಗೆ ಕೂಗಾಡಲು ಶುರು ಮಾಡಿದಾಗ ಏನು ಮಾಡಬೇಕು? ತರಬೇತಿ ಕೊಡುವವರು ಇದನ್ನು ‘ಫಿಶ್ ಮಾರ್ಕೆಟ್’ ಎನ್ನುತ್ತಾರೆ. (ಅಂಕೋಲಾದ ಮೀನುಪೇಟೆಯಲ್ಲಿ ವ್ಯಾಪಾರ ಇದಕ್ಕಿಂತ ಶಿಸ್ತಿನಲ್ಲೇ ನಡೆಯುತ್ತದೆ.) ದನಿ ಏರಿಸಿ ಗೆಲ್ಲಲು ಹೋಗಬೇಡಿ. ಐದಾರು ಸೆಕೆಂಡು ತಡೆದು, ತಗ್ಗಿದ ದನಿಯಲ್ಲಿ ನಿಧಾನ ಹೇಳಿ: ‘ಎಂಟು ನಿಮಿಷ ಆಯಿತು. ಪರ ಎರಡು ಅಂಶ ಬಂದಿದೆ, ವಿರೋಧ ಒಂದೇ. ವಿರೋಧದ ಕಡೆ ಇನ್ನೇನಿದೆ?’ ಒಮ್ಮೆಗೆ ಯಾರೂ ಕೇಳಿಸಿಕೊಳ್ಳದಿದ್ದರೆ ಇನ್ನೊಮ್ಮೆ ಹೇಳಿ. ಮೂರನೆಯ ಸಲ ಬೇಡ. ನೀವು ಪ್ರಯತ್ನಿಸಿದ್ದು ಪರೀಕ್ಷಕರಿಗೆ ಕಂಡಿರುತ್ತದೆ.

ಸುಮ್ಮನಿದ್ದವರನ್ನು ಮಾತಿಗೆಳೆದರೆ ನಾಯಕತ್ವದ ಅಂಕ ಸಿಗುತ್ತದೆಂದು ಕೆಲವರು ಬೆರಳು ತೋರಿಸಿ ‘ನೀವು ಏನೂ ಹೇಳಲಿಲ್ಲವಲ್ಲ’ ಎನ್ನುತ್ತಾರೆ. ಅದು ಅವಮಾನ, ನೆರವಲ್ಲ. ಅವರು ಹಿಂದೆ ಅರ್ಧಕ್ಕೆ ಬಿಟ್ಟ ಮಾತನ್ನು ನೆನಪಿಸಿ ದಾರಿ ಮಾಡಿಕೊಡಿ: ‘ಆಗ ಐಸ್ ಪ್ಲಾಂಟಿನ ಬಗ್ಗೆ ಶುರು ಮಾಡಿದ್ದಿರಿ, ನಡುವೆ ನಿಂತಿತು. ಅದನ್ನು ಪೂರ್ತಿ ಮಾಡಿ.’ ಇದನ್ನು ಮಾಡಬೇಕಾದರೆ ನೀವು ನಿಜವಾಗಿ ಕೇಳಿಸಿಕೊಂಡಿರಬೇಕು. ಅಂಕ ಬರುವುದೂ ಅದಕ್ಕೇ.

ಕಣ್ಣು ಎಲ್ಲಿರಬೇಕು? ಗುಂಪಿನ ಮೇಲೆ. ಪರೀಕ್ಷಕರತ್ತ ತಿರುಗಿ ಭಾಷಣ ಮಾಡುವುದು ಅತಿ ಹೆಚ್ಚು ಕಾಣುವ ತಪ್ಪು. ಶಾಲೆಯ ಅಭ್ಯಾಸ, ಅಕ್ಕೋರನ್ನು ನೋಡಿಯೇ ಉತ್ತರ ಹೇಳಿ ರೂಢಿ.

ಕೊನೆಗೆ ಒಟ್ಟು ಸಾರ ಹೇಳಲು ಅವಕಾಶ ಸಿಕ್ಕರೆ ನಿಮ್ಮ ಅಭಿಪ್ರಾಯವನ್ನು ಅದರೊಳಗೆ ತುರುಕಬೇಡಿ. ಯಾವುದರಲ್ಲಿ ಒಪ್ಪಿಗೆ ಆಯಿತು, ಯಾವುದು ಉಳಿಯಿತು, ಎರಡೇ ಮಾತು. ಒಪ್ಪಿಗೆ ಆಗಿರದಿದ್ದರೆ ಆಗಿಲ್ಲ ಎಂದೇ ಹೇಳಿ.

ಹಂತ 9: ಗುಂಪು ಕೆಲಸ ಕೊಟ್ಟಾಗ

ಒಂದು ಮಾದರಿ ನೋಡಿ. ‘ಡಿಸೆಂಬರ್ ತಿಂಗಳ ಶನಿವಾರ, ಬೆಳಿಗ್ಗೆ 11. ನೀವು ಗೋಕರ್ಣದ ರಿಸಾರ್ಟೊಂದರ ಸಿಬ್ಬಂದಿ. ಒಂದು ರೂಮಿನಲ್ಲಿ ಮಗುವಿಗೆ ಜೋರು ಜ್ವರ. ಅಡುಗೆಮನೆಯ ಕೊನೆಯ ಸಿಲಿಂಡರ್ ಮುಗಿಯುತ್ತ ಬಂದಿದೆ. ಒಂದೇ ರೂಮು ಇಬ್ಬರಿಗೆ ಬುಕ್ ಆಗಿದೆ, ಇಬ್ಬರೂ ಎದುರಿಗೆ ನಿಂತಿದ್ದಾರೆ. ಮಧ್ಯಾಹ್ನ 1ಕ್ಕೆ 30 ಜನರ ಬಸ್ಸು ಊಟಕ್ಕೆ ಬರುತ್ತದೆ. ಜನರೇಟರ್ ಕೆಟ್ಟಿದೆ. ಒಬ್ಬ ಅತಿಥಿ ಕೆಟ್ಟ ರಿವ್ಯೂ ಹಾಕುತ್ತೇನೆ ಎನ್ನುತ್ತಿದ್ದಾರೆ. ಯಾವ ಕ್ರಮದಲ್ಲಿ ನಿಭಾಯಿಸುತ್ತೀರಿ? ಹತ್ತು ನಿಮಿಷ.’

ಗುಂಪುಗಳು ಎಡವುವುದು ಇಲ್ಲಿ: ಓದಿದ ಕೂಡಲೇ ‘ಮೊದಲು ಮಗು’, ‘ಇಲ್ಲ, ಮೊದಲು ರೂಮು’ ಎಂದು ಜಗಳ ಶುರು. ಹತ್ತರಲ್ಲಿ ಆರು ನಿಮಿಷ ಒಂದನೆಯ ಮತ್ತು ಎರಡನೆಯ ಸಂಖ್ಯೆಗೇ ಹೋಗುತ್ತದೆ, ಉಳಿದದ್ದನ್ನು ಕೊನೆಯ ಗಳಿಗೆಯಲ್ಲಿ ಗೀಚುತ್ತಾರೆ.

ಸಮಯವನ್ನು ಮೊದಲೇ ಹಂಚಿ: ಓದಲು 1 ನಿಮಿಷ, ಅಳತೆಗೋಲು ಒಪ್ಪಿಕೊಳ್ಳಲು 1, ಕ್ರಮ ಹಾಕಲು 5, ತಿರುಗಿ ನೋಡಲು 2, ಹೇಳುವವರು ತಯಾರಾಗಲು 1. ಅಳತೆಗೋಲು ಎಂದರೆ ಕ್ರಮ ಹಾಕುವ ನಿಯಮ. ‘ಮೊದಲು ಜೀವ, ಆಮೇಲೆ ತಡವಾದರೆ ಸರಿಪಡಿಸಲಾಗದ್ದು, ಆಮೇಲೆ ಎದುರಿಗೆ ನಿಂತ ಜನ, ಕೊನೆಗೆ ರಿಸಾರ್ಟಿನ ಹೆಸರು’ ಎಂದು ಒಪ್ಪಿಕೊಂಡರೆ ಅರ್ಧ ಜಗಳ ತಾನಾಗಿ ಇಳಿಯುತ್ತದೆ. ಮಗು ಒಂದು. ಸಿಲಿಂಡರ್ ಎರಡು, ಏಕೆಂದರೆ ತರಿಸಲು ಹೊತ್ತು ಬೇಕು, 1ಕ್ಕೆ 30 ಎಲೆ ಬೀಳಬೇಕು. ಹೀಗೆ ಬಸ್ಸಿನ ಊಟವೂ ಇದರಲ್ಲೇ ಬಂತು. ರೂಮಿನ ಗೊಂದಲ ಮೂರು. ಜನರೇಟರ್ ನಾಲ್ಕು, ಆದರೆ ಕರೆಂಟು ಹೋಗಿದೆಯೋ, ಜನರೇಟರ್ ಮಾತ್ರ ಕೆಟ್ಟಿದೆಯೋ ಎಂದು ಹಾಳೆಯನ್ನು ಇನ್ನೊಮ್ಮೆ ಓದಿ ನೋಡುವವರು ಬೇಕು. ಅಲ್ಲಿ ಕರೆಂಟು ಹೋಗಿದೆ ಎಂದು ಬರೆದೇ ಇಲ್ಲ! ಈ ಸೂಕ್ಷ್ಮ ಹಿಡಿದವರ ಹೆಸರಿನ ಮುಂದೆ ಖಂಡಿತ ಒಂದು ಗೆರೆ ಬೀಳುತ್ತದೆ. ಕೆಟ್ಟ ರಿವ್ಯೂ ಕೊನೆಗೆ.

ಸಂಖ್ಯೆ ಕೇಳಿದ್ದರೆ ಸಂಖ್ಯೆಯನ್ನೇ ಕೊಡಬೇಕು. ಅದರ ಪಕ್ಕದಲ್ಲಿ ಯಾರು ಮಾಡುತ್ತಾರೆ ಎಂದೂ ಬರೆಯಿರಿ. ಸಿಲಿಂಡರಿಗೆ ಫೋನ್ ಮಾಡುವವರು ಬೇರೆ, ಡಾಕ್ಟರರನ್ನು ಕರೆಸುವವರು ಬೇರೆಯಾದರೆ ಎರಡೂ ಒಟ್ಟಿಗೆ ನಡೆಯುತ್ತವೆ.

ನಿಮ್ಮ ಸಲಹೆ ಬಿದ್ದುಹೋದರೆ ಮುಖ ಸಣ್ಣ ಮಾಡಬೇಡಿ. ಗುಂಪು ಒಪ್ಪಿದ್ದನ್ನೇ ಗಟ್ಟಿ ಮಾಡುವ ಕೆಲಸಕ್ಕೆ ಇಳಿಯಿರಿ. ಹಾಳೆ ಬರೆಯುವ ಕೆಲಸ ತಾನಾಗಿ ಸಿಕ್ಕರೆ ತೆಗೆದುಕೊಳ್ಳಿ, ಆದರೆ ಬರೆಯುತ್ತ ಬರೆಯುತ್ತ ಮೌನಕ್ಕೆ ಜಾರುವ ಅಪಾಯವಿದೆ. ‘ಇಷ್ಟು ಬರೆದೆ, ಸರಿಯೇ?’ ಎಂದು ಆಗಾಗ ಓದಿ ಹೇಳುತ್ತಿರಿ.

ಹಂತ 10: ಸಾಲಾಗಿ ಪ್ರಶ್ನೆ ಬಂದಾಗ

ನಿಮ್ಮ ಉತ್ತರವನ್ನು ಪಕ್ಕದವರು ಮೊದಲೇ ಹೇಳಿಬಿಟ್ಟರೆ? ‘ನನ್ನದೂ ಅದೇ ಸರ್’ ಎಂದರೆ ಅಲ್ಲಿಗೆ ನೀವು ಇಲ್ಲವಾದಿರಿ. ಅದೇ ಉತ್ತರಕ್ಕೆ ನಿಮ್ಮ ಉದಾಹರಣೆ ಕೊಡಿ. ‘ಗಿರಾಕಿಯ ಮಾತು ಕೇಳಿಸಿಕೊಳ್ಳುವುದು ಮುಖ್ಯ ಎಂದು ಈಗಷ್ಟೇ ಹೇಳಿದರು. ನಮ್ಮೂರ ಔಷಧಿ ಅಂಗಡಿಯಲ್ಲಿ ಕೂತಾಗ ನಾನು ಮಾಡುತ್ತಿದ್ದುದು ಹೀಗೆ’ ಎಂದು ಮುಂದುವರಿಸಿ. ಪ್ರತಿ ಪ್ರಶ್ನೆಗೂ ಎರಡು ಉದಾಹರಣೆ ತಯಾರಿಟ್ಟುಕೊಳ್ಳುವುದು ಈ ಕಾರಣಕ್ಕೆ.

ಉಳಿದವರು ಮಾತಾಡುವಾಗ ನಿಮ್ಮ ಮುಖವನ್ನೂ ಯಾರೋ ಗಮನಿಸುತ್ತಿರುತ್ತಾರೆ. ಸೀಲಿಂಗ್ ನೋಡುತ್ತ ಉತ್ತರ ಗುಣುಗುಣಿಸಿಕೊಳ್ಳುವವರು ತಕ್ಷಣ ಕಾಣುತ್ತಾರೆ.

ಒಂದು ಕುಟಿಲ ಪ್ರಶ್ನೆ: ‘ನಿಮ್ಮನ್ನು ಬಿಟ್ಟು ಈ ಗುಂಪಿನಲ್ಲಿ ಯಾರನ್ನು ತೆಗೆದುಕೊಳ್ಳಬಹುದು?’ ಒಬ್ಬರ ಹೆಸರು ಹೇಳಿ, ಅವರು ಇವತ್ತು ಮಾಡಿದ ಒಂದು ಕೆಲಸವನ್ನು ಹೇಳಿ: ‘ಕರೆಂಟು ಹೋಗಿಲ್ಲ ಎಂಬುದನ್ನು ಮೊದಲು ಕಂಡವರು ಅವರು.’ ಇದೇ ಪ್ರಶ್ನೆ ತಿರುಗಿ ‘ಯಾರು ಬೇಡ?’ ಎಂದು ಬಂದರೆ ವ್ಯಕ್ತಿಯ ಹೆಸರಿಗೆ ಹೋಗಬೇಡಿ. ‘ಇಪ್ಪತ್ತು ನಿಮಿಷದಲ್ಲಿ ಒಬ್ಬರನ್ನು ಬೇಡ ಎನ್ನುವಷ್ಟು ನೋಡಿಲ್ಲ. ಆದರೆ ಈ ಕೆಲಸಕ್ಕೆ ತಾಳ್ಮೆ ಇಲ್ಲದವರು ಆಗುವುದಿಲ್ಲ’ ಎಂದು ಗುಣಕ್ಕೆ ನಿಲ್ಲಿಸಿ.

ಆನ್‌ಲೈನ್ ಆದರೆ

ಜೋಯಿಡಾ, ಸಿದ್ದಾಪುರದ ಹಳ್ಳಿಗಳಲ್ಲಿ ಗುಡ್ಡ ಹತ್ತಿ ಸಿಗ್ನಲ್ ಹುಡುಕಿ ಗುಂಪು ಸಂದರ್ಶನ ಮಾಡಲಾಗದು. ಪೇಟೆಯಲ್ಲಿ ಫೈಬರ್ ಇರುವ ನೆಂಟರ ಮನೆ, ಪರಿಚಯದ ಸೈಬರ್ ಸೆಂಟರಿನ ಒಳಕೋಣೆ ನೋಡಿಕೊಳ್ಳಿ. ಕರೆಂಟು ಹೋದರೆ ರೌಟರ್ ಕೂಡ ನಿಲ್ಲುತ್ತದೆ, ಆದ್ದರಿಂದ ಇನ್ವರ್ಟರ್ ಇದೆಯೇ ಎಂದು ಕೇಳಿ. ಇನ್ನೊಂದು ಕಂಪನಿಯ ಸಿಮ್ ಹಾಕಿದ ಮೊಬೈಲ್ ಹಾಟ್‌ಸ್ಪಾಟಿಗೆ ತಯಾರಿರಲಿ. ಪರದೆಯ ಮೇಲೆ ನಿಮ್ಮ ಪೂರ್ತಿ ಹೆಸರು ಕಾಣಬೇಕು, ಅಪ್ಪನ ಮೊಬೈಲಿನ ಮಾಡೆಲ್ ನಂಬರ್ ಅಲ್ಲ. ದನಿ ಒಂದೆರಡು ಸೆಕೆಂಡು ತಡವಾಗಿ ತಲಪುವುದರಿಂದ ಇಲ್ಲಿ ಉಸಿರಿನ ಸಂದು ಹಿಡಿಯಲು ಬರುವುದಿಲ್ಲ. ಕೈ ಎತ್ತುವ ಗುಂಡಿ ಒತ್ತಿ, ಮೈಕ್ ಆನ್ ಮಾಡಿ, ಹೆಸರು ಹೇಳಿ ಶುರು ಮಾಡಿ.

ಎಚ್ಚರಿಕೆಯ ಗುರುತುಗಳು

ಹೋಟೆಲಿನ ಹಾಲಿನಲ್ಲಿ ನೂರಾರು ಜನರನ್ನು ಕೂರಿಸಿ ‘ಗ್ರೂಪ್ ಇಂಟರ್‌ವ್ಯೂ’ ಎಂದು ಶುರುವಾಗಿ, ಕಾರು–ಬಂಗಲೆಯ ಚಿತ್ರ ತೋರಿಸಿ, ಎಲ್ಲರೂ ಸೆಲೆಕ್ಟ್ ಎಂದು ಸಾರಿ, ಸಾಮಾನಿನ ಕಿಟ್‌ಗೆ ಹಣ ಕಟ್ಟಿ ಎಂದರೆ ಅದು ಸಂದರ್ಶನವಲ್ಲ, ಜನರ ಮೇಲೆ ಜನರನ್ನು ಸೇರಿಸುತ್ತ ಹೋಗುವ ಚೈನ್ ವ್ಯಾಪಾರ. ನೋಂದಣಿ ಶುಲ್ಕ, ತರಬೇತಿ ಡಿಪಾಸಿಟ್, ಯೂನಿಫಾರ್ಮಿನ ಹಣ ಮುಂಗಡ ಕೇಳುವವರಿಂದ ಎದ್ದು ಬನ್ನಿ. ಮೂಲ ಅಂಕಪಟ್ಟಿಯನ್ನು ತೋರಿಸಿ, ಕೊಟ್ಟು ಬರಬೇಡಿ.

ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆಯ ಹೆಸರು ಹೇಳಿಕೊಂಡು ‘ಗ್ರೂಪ್ ಇಂಟರ್‌ವ್ಯೂನಲ್ಲಿ ನಾನು ನೋಡಿಕೊಳ್ಳುತ್ತೇನೆ’ ಎಂದು ಯಾರಾದರೂ ಬಂದರೆ ಒಂದು ಸಂಗತಿ ನೆನಪಿಡಿ: ಕೇಂದ್ರ ಸರ್ಕಾರದ ಗ್ರೂಪ್ ‘ಸಿ’ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ‘ಬಿ’ ಹುದ್ದೆಗಳಿಗೆ 2016ರ ಜನವರಿ 1ರಿಂದ ಸಂದರ್ಶನವನ್ನೇ ಕೈಬಿಡಲಾಗಿದೆ. ಗಲ್ಫ್ ಕೆಲಸವೆಂದರೆ ಏಜೆಂಟರ ಲೈಸೆನ್ಸನ್ನು ಸರ್ಕಾರದ ಇ–ಮೈಗ್ರೇಟ್ ತಾಣದಲ್ಲಿ ನೋಡಿ. ಹಡಗಿನ ಕೆಲಸವೆಂದರೆ ಏಜೆನ್ಸಿಗೆ ಕೇಂದ್ರದ ಹಡಗು ಇಲಾಖೆ (ಡಿಜಿ ಶಿಪ್ಪಿಂಗ್) ಕೊಟ್ಟ ನೇಮಕಾತಿ ಲೈಸೆನ್ಸು (ಆರ್‌ಪಿಎಸ್‌ಎಲ್) ಇರಬೇಕು, ಮತ್ತು ಅಂಥ ಏಜೆನ್ಸಿ ನಾವಿಕರಿಂದ ಕೆಲಸ ಕೊಡಿಸಿದ್ದಕ್ಕೆ ಹಣ ತೆಗೆದುಕೊಳ್ಳುವಂತಿಲ್ಲ.

ಹಂತ 11: ಹೊರಗೆ ಬಂದ ಮೇಲೆ

ಬಸ್‌ಸ್ಟ್ಯಾಂಡಿಗೆ ಹೋಗುವ ಮೊದಲು ಚಾ ಕುಡಿಯುತ್ತ ನೋಟ್‌ಬುಕ್ ತೆಗೆದು ಬರೆಯಿರಿ: ವಿಷಯ ಏನಿತ್ತು, ಎಷ್ಟು ಸಲ ಮಾತಾಡಿದಿರಿ, ಎಲ್ಲಿ ತಡೆದಿರಿ, ಯಾರ ಯಾವ ಮಾತು ಗುಂಪನ್ನು ತಿರುಗಿಸಿತು. ಮನೆಗೆ ಬರುವಷ್ಟರಲ್ಲಿ ಇದರ ಅರ್ಧ ಮರೆತಿರುತ್ತದೆ. ಅದೇ ದಿನ ಒಬ್ಬರೇ ಕೂರುವ ಇನ್ನೊಂದು ರೌಂಡ್ ಇದ್ದರೆ ಈ ಟಿಪ್ಪಣಿ ಅಲ್ಲಿಯೂ ಬೇಕು. ‘ಗುಂಪಿನಲ್ಲಿ ನೀವು ಹೇಗೆ ಮಾಡಿದಿರಿ?’ ಎಂದು ಕೇಳುವುದು ಸಾಮಾನ್ಯ.

ಮಾರನೆಯ ದಿನ ಮೂರು ಸಾಲಿನ ಮೇಲ್ ಸಾಕು: ಯಾವ ಬ್ಯಾಚು, ಯಾವ ಹುದ್ದೆ, ಅವಕಾಶಕ್ಕೆ ಧನ್ಯವಾದ. ಫಲಿತಾಂಶ ಹೇಳುತ್ತೇವೆ ಎಂದ ದಿನ ದಾಟಿ ಮೂರು ದಿನ ಆದರೆ ಒಮ್ಮೆ ಫೋನ್ ಮಾಡಿ. ಆಯ್ಕೆ ಆಗಿಲ್ಲವೆಂದರೆ ‘ಯಾಕೆ’ ಎಂದು ಕೇಳಬೇಡಿ, ಆ ಪ್ರಶ್ನೆಗೆ ಯಾರೂ ಉತ್ತರ ಕೊಡುವುದಿಲ್ಲ. ‘ಗ್ರೂಪ್ ರೌಂಡಿನಲ್ಲಿ ನಾನು ಸುಧಾರಿಸಿಕೊಳ್ಳಬೇಕಾದ ಒಂದು ಅಂಶ ಯಾವುದು?’ ಎಂದು ಕೇಳಿ. ಉತ್ತರ ಸಿಕ್ಕರೆ ಅದನ್ನು ಅಭ್ಯಾಸದ ಹಾಳೆಗೆ ಐದನೆಯ ಕಲಮ್ಮಾಗಿ ಸೇರಿಸಿಕೊಳ್ಳಿ.